ಸಸ್ಪೆನ್ಷನ್ ಆರಿಸಬೇಕಾದದ್ದು ಹಿಂದೆ ಮಲಗಿದವರಿಗಾಗಿ

‘ಇಂಡಿಪೆಂಡೆಂಟ್ ರಿಯರ್ ಸಸ್ಪೆನ್ಷನ್’ ಎಂಬುದನ್ನು ಕನ್ನಡಕ್ಕೆ ತರುವುದು ಕಷ್ಟವಲ್ಲ. ‘ಸ್ವತಂತ್ರ’ ಎಂಬ ಪದದ ಜೊತೆಗೆ ಬರುವ ಗತ್ತನ್ನು ಕಳಚುವುದೇ ಕಷ್ಟ. ಯಂತ್ರಗಳ ಕೈಪಿಡಿ ಅನುವಾದಿಸುವಾಗ ಇದು ಮತ್ತೆ ಮತ್ತೆ ಎದುರಾಗುತ್ತದೆ. ಸ್ವತಂತ್ರ ಎಂದ ಕೂಡಲೇ ಅದು ಮೇಲಿನದು, ಇನ್ನೊಂದು ಬಡವರ ಪಾಲಿನದು ಎಂದು ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಎಟಿವಿಗಳನ್ನು, ಅಂದರೆ ಕಲ್ಲು, ಕೆಸರು, ಮರಳಿನಲ್ಲಿ ಓಡುವ ಆ ದಪ್ಪ ಟೈರಿನ ಗಾಡಿಗಳನ್ನು, ಹೋಲಿಸುವಾಗಲೂ ಆಗುವುದು ಇದೇ. ಈ ತೀರ್ಪನ್ನು ಪದದ ಕೈಗೆ ಬಿಡದೆ ಕೆಲಸದ ಕೈಗೆ ಕೊಡಬೇಕು ಎಂಬುದು ನನ್ನ ವಾದ. ಠಾಣೆ ಜಿಲ್ಲೆಯ ಗುಡ್ಡದ ಪಾಡಾಗಳನ್ನು ನೆನೆದರೆ ಇದು ಗಾಡಿಪ್ರಿಯರ ಹರಟೆಯಾಗಿ ಉಳಿಯುವುದಿಲ್ಲ.

ಮೊದಲು ಎರಡು ಬಗೆಗಳೇನು ಎಂದು ನೋಡೋಣ. ಒಂದರಲ್ಲಿ ಹಿಂದಿನ ಎರಡು ಚಕ್ರಗಳೂ ಒಂದೇ ಗಟ್ಟಿ ಅಚ್ಚಿಗೆ ಸೇರಿವೆ. ಆ ಅಚ್ಚನ್ನು ಮೋಟಾರ್‌ಸೈಕಲ್ಲಿನಲ್ಲಿರುವಂಥ ಸ್ವಿಂಗ್ ಆರ್ಮ್ ಹಿಡಿದಿರುತ್ತದೆ. ಎಡಚಕ್ರ ಕಲ್ಲು ಹತ್ತಿದರೆ ಅಚ್ಚು ಓರೆಯಾಗಿ ಬಲಚಕ್ರಕ್ಕೂ ಸುದ್ದಿ ಮುಟ್ಟುತ್ತದೆ. ಇನ್ನೊಂದರಲ್ಲಿ ಪ್ರತಿ ಚಕ್ರಕ್ಕೂ ತನ್ನದೇ ತೋಳುಗಳು, ತನ್ನದೇ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್. ಒಂದು ಚಕ್ರ ಎದ್ದರೆ ಇನ್ನೊಂದು ತನ್ನ ಪಾಡಿಗೆ ನೆಲ ಹಿಡಿದಿರುತ್ತದೆ. 1996ರ ಪೋಲಾರಿಸ್ ಸ್ಪೋರ್ಟ್ಸ್‌ಮನ್ 500 ಈ ಎರಡನೆಯ ಬಗೆಯನ್ನು ಕೆಲಸದ ಎಟಿವಿಗಳಲ್ಲಿ ಜನಪ್ರಿಯಗೊಳಿಸಿತು. ತಮಾಷೆಯೆಂದರೆ, ಇಂಥ ಹಲವು ಗಾಡಿಗಳಲ್ಲಿ ಹಿಂದಿನ ಚಕ್ರಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಎರಡೂ ಒಂದೇ ವೇಗದಲ್ಲಿ ತಿರುಗುತ್ತವೆ. ಸ್ವಾತಂತ್ರ್ಯ ಕುಣಿಯುವುದಕ್ಕೆ ಮಾತ್ರ, ತಿರುಗುವುದಕ್ಕಲ್ಲ.

ಸ್ವತಂತ್ರ ಎಂದರೆ ಸುಖ ಎಂದು ನಂಬುವವರು ಡೊಂಬಿವಲಿ ಸ್ಟೇಷನ್ನಿನ ಹೊರಗೆ ಶೇರ್ ರಿಕ್ಷಾ ಹತ್ತಿದರೆ ಸಾಕು. ಆಟೋರಿಕ್ಷಾದ ಹಿಂದಿನ ಚಕ್ರಗಳೂ ಬೇರೆ ಬೇರೆ ತೋಳಿಗೆ ಕೂತ ಸ್ವತಂತ್ರ ಚಕ್ರಗಳೇ. ಆದರೂ ಮಳೆಗಾಲದ ಕಲ್ಯಾಣ–ಶಿಳ್ ರಸ್ತೆಯಲ್ಲಿ ಬೆನ್ನುಮೂಳೆಯ ಒಂದೊಂದು ಗಂಟಿನ ಲೆಕ್ಕವೂ ಸಿಗುತ್ತದೆ. ಚಕ್ರ ಚಿಕ್ಕದು, ಅದಕ್ಕೆ ಮೇಲೆ ಕೆಳಗೆ ಆಡಲು ಇರುವ ಜಾಗವೂ ಕಡಿಮೆ. ಅತ್ತ 2020ರ ಮಹೀಂದ್ರಾ ಥಾರ್, 2023ರಲ್ಲಿ ಇಲ್ಲಿ ಮಾರಾಟಕ್ಕೆ ಬಂದ ಮಾರುತಿ ಜಿಮ್ನಿ ಎರಡಕ್ಕೂ ಹಿಂದೆ ಗಟ್ಟಿ ಅಚ್ಚೇ ಇದೆ. ಹಳೆಯ ಜಿಪ್ಸಿಯ ಪಟ್ಟಿ ಸ್ಪ್ರಿಂಗ್ ಬದಲು ಕಾಯಿಲ್ ಸ್ಪ್ರಿಂಗ್ ಬಂದಿದೆ, ಅಷ್ಟೆ. ಕಲ್ಲುದಾರಿ ಹತ್ತಲೆಂದೇ ಮಾಡಿದ ಗಾಡಿಗಳು ಅಚ್ಚನ್ನು ಬಿಟ್ಟುಕೊಟ್ಟಿಲ್ಲ.

ಎಟಿವಿಯಲ್ಲಿ ನಿಜವಾದ ವ್ಯತ್ಯಾಸ ಕಾಣುವುದು ಭಾರ ಹೇರಿದಾಗ. ಗಾಡಿಯ ಸ್ವಂತ ತೂಕ ಸುಮಾರು 300 ಕಿಲೋ. ಇಬ್ಬರು ದೊಡ್ಡವರು ಕೂತರೆ ಆ ತೂಕದ ಅರ್ಧಕ್ಕೆ ಹತ್ತಿರದ ಹೊರೆ ಮೇಲೇರಿತು. ಸ್ವತಂತ್ರ ಬಗೆಯ ಗಾಡಿಗೆ ಖಾಲಿಯಿದ್ದಾಗ ಹೊಟ್ಟೆಯ ಕೆಳಗೆ ಒಳ್ಳೆಯ ಎತ್ತರವಿರುತ್ತದೆ. ಭಾರ ಬಿದ್ದಾಗ ಹಿಂಭಾಗ ಕುಸಿದು ಹೊಟ್ಟೆ ಕಲ್ಲಿಗೆ ಹತ್ತಿರವಾಗುತ್ತದೆ. ಗಟ್ಟಿ ಅಚ್ಚಿನ ಗಾಡಿಯಲ್ಲಿ ನಡುವಿನ ಎತ್ತರ ಮೊದಲೇ ಕಡಿಮೆ, ಆದರೆ ಅಚ್ಚು ಚಕ್ರಗಳ ಜೊತೆಗೇ ಇರುವುದರಿಂದ ಹೊರೆ ಹೆಚ್ಚಿದರೂ ಅದು ಅಷ್ಟಾಗಿ ತಗ್ಗುವುದಿಲ್ಲ. ಓರೆ ಇಳಿಜಾರಿನಲ್ಲಿ ಅಚ್ಚಿನ ಗಾಡಿ ಕಡಿಮೆ ವಾಲುತ್ತದೆ, ಸ್ವತಂತ್ರ ಬಗೆಗೆ ವಾಲುವಿಕೆ ತಡೆಯುವ ಸರಳು ಬೇಕಾಗುತ್ತದೆ.

ಇನ್ನೊಂದು ವಿಷಯ ರಿಪೇರಿ. ಸ್ವತಂತ್ರ ಬಗೆಯಲ್ಲಿ ಎಂಜಿನ್ನಿನ ಬಲ ಚಕ್ರಕ್ಕೆ ಹೋಗುವ ಶಾಫ್ಟಿನ ಎರಡೂ ತುದಿಯ ಕೀಲುಗಳಿಗೆ ರಬ್ಬರ್ ಬೂಟುಗಳಿವೆ. ಮುಳ್ಳೋ ಕಲ್ಲೋ ತಾಗಿ ಬೂಟು ಹರಿದರೆ ಗ್ರೀಸ್ ಹೊರಗೆ, ಕೊಂಕಣದ ಕೆಂಪು ಕೆಸರು ಒಳಗೆ. ಗಮನಿಸದೆ ಓಡಿಸಿದರೆ ಕೀಲೇ ಹೋಯಿತು. ಅಚ್ಚಿನ ಗಾಡಿಯ ಹಿಂಭಾಗದಲ್ಲಿ ಈ ತಲೆನೋವಿಲ್ಲ. ಅಲಿಬಾಗದ ಮರಳಿನಲ್ಲಿ ಬಾಡಿಗೆಗೆ ಓಡುವ, ತೋಟದಲ್ಲಿ ಗೊಬ್ಬರ ಎಳೆಯುವ ಗಾಡಿಗೆ ನನ್ನ ಮತ ಅದಕ್ಕೇ.

ಈಗ ಗುಡ್ಡಕ್ಕೆ ಬರೋಣ. ಕಲ್ಯಾಣದಿಂದ ಮಾಳಶೇಜ್ ಘಾಟಿನ ಕಡೆಗೆ ಹೋದರೆ ಮುರಬಾಡ, ಕಸಾರಾ ಕಡೆಗೆ ಹೋದರೆ ಶಹಾಪುರ. ಈ ತಾಲ್ಲೂಕುಗಳ ಆದಿವಾಸಿ ಪಾಡಾಗಳಿಂದ ಗರ್ಭಿಣಿಯರನ್ನು, ಹಾವು ಕಚ್ಚಿದವರನ್ನು ಬಿದಿರಿಗೆ ಕಟ್ಟಿದ ಡೋಲಿಯಲ್ಲಿ ಹೊತ್ತು ತಂದ ಸುದ್ದಿ ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ನಮ್ಮ ಖಾನಾಪುರದ ಕಾಡಿನ ಹಳ್ಳಿಗಳ ಕಥೆಯೂ ಬೇರೆಯಲ್ಲ. ನವಿ ಮುಂಬೈಗೆ ದೂರವೇನಲ್ಲದ ಇರ್ಶಾಳವಾಡಿಯ ಮೇಲೆ 2023ರ ಜುಲೈ 19ರ ರಾತ್ರಿ ಗುಡ್ಡ ಕುಸಿದಾಗ ರಕ್ಷಣಾ ಸಿಬ್ಬಂದಿ ಕಾಲುದಾರಿಯಲ್ಲಿ ಹತ್ತಿಹೋಗಬೇಕಾಯಿತು, ಮಣ್ಣು ತೆಗೆಯುವ ಯಂತ್ರಗಳು ಮೇಲೇರಲಿಲ್ಲ. ಅಷ್ಟು ಕಡಿದಾದ ದಾರಿ ಎಟಿವಿಗೂ ಆಗದು. ಆದರೆ ಗಾಡಿದಾರಿಯಷ್ಟು ಅಗಲವಿದ್ದು, ಆಂಬುಲೆನ್ಸ್ ಬಾರದಂಥ ಕಲ್ಲುಹಾದಿಗಳು ಎಷ್ಟೋ ಇವೆ. ಅಲ್ಲಿ ಎಟಿವಿ ಕೆಲಸಕ್ಕೆ ಬರುತ್ತದೆ.

ಬೇಕಾದದ್ದು ರಸ್ತೆ, ಆಟಿಕೆ ಗಾಡಿಯಲ್ಲ ಎನ್ನುವವರ ಮಾತು ಸರಿ. ರಸ್ತೆ ಬರುವವರೆಗೆ ಜೂನ್ ಕಾಯುವುದಿಲ್ಲ ಎಂಬುದೂ ಅಷ್ಟೇ ಸರಿ. ನಗರದ ಟ್ರಾಫಿಕ್ಕಿನಲ್ಲಿ ನುಸುಳಲೆಂದು ಕರ್ನಾಟಕ 2015ರಲ್ಲಿ ಬೈಕ್ ಆಂಬುಲೆನ್ಸ್ ತಂದಿತು. ನಗರಕ್ಕೆ ಹಾಗೆ ಯೋಚಿಸಲು ಆದರೆ ಗುಡ್ಡಕ್ಕೂ ಆಗಬೇಕು.

ಅಂಥ ಗಾಡಿಯನ್ನು ಯಾರೇ ಕೊಳ್ಳಲಿ, ಮೊದಲ ಪ್ರಶ್ನೆ ರೋಗಿ ಎಲ್ಲಿರುತ್ತಾರೆ ಎಂಬುದಾಗಬೇಕು. ಉದ್ದ ಕ್ಯಾರಿಯರ್ ಕಟ್ಟಿ ಗಾಡಿಯ ಮೇಲೆಯೇ ಮಲಗಿಸುವುದಾದರೆ ಸ್ವತಂತ್ರ ಬಗೆಯೇ ಬೇಕು. ಗಟ್ಟಿ ಅಚ್ಚಿನಲ್ಲಿ ಒಂದು ಕಲ್ಲಿಗೆ ಇಡೀ ಅಚ್ಚಿನ ತೂಕ ಎಗರುತ್ತದೆ, ಆ ಏಟು ಹೆರಿಗೆ ನೋವಿನಲ್ಲಿರುವವಳ ಸೊಂಟಕ್ಕೆ ಮುಟ್ಟುತ್ತದೆ. ಹೊರೆಗೆ ತಕ್ಕಂತೆ ಸ್ಪ್ರಿಂಗ್ ಬಿಗಿ ಮಾಡಲು ಬರಬೇಕು, ವಾಲುವಿಕೆ ತಡೆಯುವ ಸರಳಿರಬೇಕು, ತಾಲ್ಲೂಕು ಕೇಂದ್ರದಲ್ಲಿ ಬೂಟುಗಳ ದಾಸ್ತಾನು ಮತ್ತು ಅವನ್ನು ಹಾಕಬಲ್ಲ ಒಬ್ಬ ಮೆಕ್ಯಾನಿಕ್ ಇರಬೇಕು. ಬದಲಿಗೆ ಹಿಂದೆ ಟ್ರೇಲರ್ ಕಟ್ಟಿ ಎಳೆಯುವುದಾದರೆ ಗಾಡಿಯ ಸ್ವತಂತ್ರ ಸಸ್ಪೆನ್ಷನ್ ಸವಾರನಿಗಷ್ಟೇ ಸುಖ. ಆಗ ಗಟ್ಟಿ ಅಚ್ಚಿನ ಸರಳ ಗಾಡಿ ಕೊಂಡು, ಉಳಿದ ಹಣವನ್ನು ಟ್ರೇಲರಿನ ಸ್ಪ್ರಿಂಗಿಗೆ ಹಾಕುವುದೇ ಜಾಣತನ. ಸಣ್ಣ ಟ್ರೇಲರುಗಳಲ್ಲಿ ಎಷ್ಟೋ ಬಾರಿ ಸ್ಪ್ರಿಂಗೇ ಇರುವುದಿಲ್ಲ, ಅದನ್ನು ಕೇಳುವವರೂ ಕಡಿಮೆ.

ಹೋಲಿಕೆಯ ಪಟ್ಟಿಗಳು ಸಾಮಾನ್ಯವಾಗಿ ಹ್ಯಾಂಡಲ್ ಹಿಡಿದವನ ಸುಖವನ್ನು ಅಳೆಯುತ್ತವೆ. ಖಾಲಿ ಗಾಡಿಯನ್ನು ಅಂಗಡಿಯ ಮುಂದೆ ಒಂದು ಸುತ್ತು ಓಡಿಸಿ ಕೊಟ್ಟ ಅಭಿಪ್ರಾಯ ಗುಡ್ಡದಲ್ಲಿ ಲೆಕ್ಕಕ್ಕೆ ಬಾರದು. ಸಹಿ ಹಾಕುವ ಅಧಿಕಾರಿ ಒಮ್ಮೆ ಸ್ಟ್ರೆಚರಿನ ಮೇಲೆ ತಾನೇ ಮಲಗಿ, ಜುಲೈ ತಿಂಗಳಲ್ಲಿ, ಮುರಬಾಡದ ಯಾವುದಾದರೂ ಕಲ್ಲುದಾರಿಯಲ್ಲಿ ಎರಡು ಕಿಲೋಮೀಟರ್ ಇಳಿದು ಬರಲಿ. ಯಾವ ಸಸ್ಪೆನ್ಷನ್ ಬೇಕು ಎಂದು ಆಮೇಲೆ ಅವರೇ ಬರೆಯುತ್ತಾರೆ.