ಪರದೆಯ ಮೇಲಿನ ಕಾಯಿಲೆ, ಮನೆಯೊಳಗಿನ ಕೊರಗು

ಕುಂಸಿಯಂಥ ಊರಿನಲ್ಲೂ ಈಗ ರಾತ್ರಿ ಊಟವಾದ ಮೇಲೆ ಹೊಸದೊಂದು ಅಳು ಶುರುವಾಗಿದೆ. ಶಿವಮೊಗ್ಗದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮೊಬೈಲ್ ಹಿಡಿದು ಮೂಲೆಯಲ್ಲಿ ಕುಳಿತು ಕಣ್ಣೊರೆಸಿಕೊಳ್ಳುತ್ತಾಳೆ. ಏನಾಯಿತೋ ಎಂದು ಅಮ್ಮ ಗಾಬರಿಯಿಂದ ಕೇಳಿದರೆ, ಕೊರಿಯಾ ದೇಶದ ಧಾರಾವಾಹಿಯಲ್ಲಿ ಒಬ್ಬ ಅಪ್ಪನಿಗೆ ಕ್ಯಾನ್ಸರ್ ಬಂದಿದೆಯೆಂಬ ಉತ್ತರ. "ಅದ್ಯಾವ ದೇಶದ ಅಪ್ಪನಿಗೋ ಏನೋ ಆದ್ರೆ ನೀನ್ಯಾಕೆ ಅಳ್ತೀಯೆ? ಮೊನ್ನೆ ನಂಗೆ ಜ್ವರ ಬಂದಾಗ ಒಂದು ಲೋಟ ಕಷಾಯ ಮಾಡ್ಕೊಡ್ಲಿಲ್ಲ" ಎಂದು ಅಮ್ಮ ಗೊಣಗುತ್ತಾಳೆ. ಮಗಳ ಮುಖ ಊದುತ್ತದೆ. ಅಮ್ಮನ ಮಾತಿನಲ್ಲಿ ಸಿಟ್ಟು ಇದ್ದರೂ ಪ್ರಶ್ನೆ ಮಾತ್ರ ಸರಿಯಾದದ್ದೇ. ನಿಜಕ್ಕೂ ಆ ಅಳು ಯಾರಿಗಾಗಿ?

ಮಕ್ಕಳನ್ನು ಗದರುವ ಮುನ್ನ ಹಿರಿಯರು ತಮ್ಮ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳುವುದು ಒಳ್ಳೆಯದು. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ತ್ರಿವೇಣಿಯವರ ಕಾದಂಬರಿಯನ್ನು ಅಡುಗೆಮನೆಯಲ್ಲಿ ಕದ್ದು ಓದಿ ಅತ್ತವರು ಯಾರು? 1971ರಲ್ಲಿ 'ಶರಪಂಜರ'ದ ಕಾವೇರಿಯ ಪಾಡು ನೋಡಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಥಿಯೇಟರಿನಿಂದ ಹೊರಬಂದವರು ಯಾರು? ಅದೇ ವರ್ಷದ ಹಿಂದಿ ಚಿತ್ರ 'ಆನಂದ್'ನಲ್ಲಿ ಸಾಯುವುದು ಖಚಿತವೆಂದು ಗೊತ್ತಿದ್ದೂ ನಗುತ್ತಿದ್ದ ರಾಜೇಶ್ ಖನ್ನಾಗಾಗಿ ಭಾಷೆ ಬಾರದವರೂ ಅತ್ತರು. 1995ರ 'ಬೆಳದಿಂಗಳ ಬಾಲೆ'ಯಲ್ಲಿ ಮುಖವನ್ನೇ ತೋರದ ನಾಯಕಿ ತೀರಿಹೋದಾಗ ಅತ್ತ ಕಾಲೇಜು ಹುಡುಗ ಹುಡುಗಿಯರೇ ಇಂದಿನ ತಂದೆತಾಯಂದಿರು. ಅಳು ಹಳೆಯದೇ, ಅದು ಬರುವ ದಾರಿ ಮಾತ್ರ ಬದಲಾಗಿದೆ.

ಪ್ರೇಮಿಗಳಿಂದ ತಾಯಿಯವರೆಗೆ

ಕೊರಿಯಾದ ಧಾರಾವಾಹಿಗಳಲ್ಲಿ ಮಾರಕ ಕಾಯಿಲೆ ಬಹುಕಾಲದ ಸರಕು. 2000ದಲ್ಲಿ ಬಂದ 'ಆಟಮ್ ಇನ್ ಮೈ ಹಾರ್ಟ್' ನಾಯಕಿಗೆ ರಕ್ತದ ಕ್ಯಾನ್ಸರ್. 2003ರಲ್ಲಿ ಶುರುವಾದ 'ಸ್ಟೇರ್‌ವೇ ಟು ಹೆವನ್' ನಾಯಕಿಗೆ ಕಣ್ಣಿನ ಕ್ಯಾನ್ಸರ್. ಇವೆಲ್ಲ ಪ್ರೇಮಿಗಳನ್ನು ಅಗಲಿಸಲು ಕಥೆಗಾರರು ಹೂಡಿದ ಆಟಗಳು. ಇವನ್ನು ನೋಡಿದವರು ಅತ್ತರು, ಮರುದಿನ ಮರೆತರು.

ಮರೆಯಲಾಗದ ಅಳು ಬೇರೆ ಕಡೆಯಿಂದ ಬಂತು. ನೋ ಹೀ-ಕ್ಯುಂಗ್ ಎಂಬ ಲೇಖಕಿ 1996ರಲ್ಲಿ 'ಲೋಕದ ಅತಿ ಸುಂದರ ವಿದಾಯ' ಎಂಬರ್ಥದ ಹೆಸರಿನ ಕಿರು ಧಾರಾವಾಹಿ ಬರೆದರು. ಅರುಳುಮರುಳಾದ ಅತ್ತೆಯ ಸೇವೆ ಮಾಡುತ್ತ, ಗಂಡ ಮಕ್ಕಳಿಗೆ ಬೇಯಿಸಿ ಹಾಕುತ್ತ ತನ್ನ ನೋವನ್ನು ಹೇಳಿಕೊಳ್ಳದ ಗೃಹಿಣಿಗೆ ಕ್ಯಾನ್ಸರ್ ಇದೆಯೆಂದು ತಿಳಿಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಗಂಡ ಸ್ವತಃ ಡಾಕ್ಟರ್! ಊರಿನವರ ನಾಡಿ ನೋಡುವವನಿಗೆ ಮನೆಯವಳ ಮುಖ ಕಾಣಲಿಲ್ಲ. ಈ ಕಥೆಯನ್ನು 2017ರಲ್ಲಿ ಮತ್ತೆ ಹೊಸದಾಗಿ ತೆಗೆದರು.

ಅದೇ ಲೇಖಕಿಯ 'ಡಿಯರ್ ಮೈ ಫ್ರೆಂಡ್ಸ್' (2016) ಧಾರಾವಾಹಿಯಲ್ಲಿ ತಾಯಿಗೆ ಕ್ಯಾನ್ಸರ್ ಎಂದು ಕೇಳಿದ ಮಗಳು ಕನ್ನಡಿಯ ಮುಂದೆ ನಿಂತು ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಾಳೆ. ಸುದ್ದಿ ಕೇಳಿದ ಕ್ಷಣ ಅವಳಿಗೆ ಮೊದಲು ನೆನಪಾದದ್ದು ಅಮ್ಮನಲ್ಲ, ಇನ್ನು ತನ್ನ ಗತಿಯೇನು ಎಂಬುದು. ಆ ದೃಶ್ಯಕ್ಕೆ ಪ್ರೇಕ್ಷಕರು ಬೆಚ್ಚುವುದು ಇದಕ್ಕೇ. ಅಂಥ ಯೋಚನೆ ಯಾರ ಮನಸ್ಸಿನಲ್ಲಿ ಸುಳಿಯುವುದಿಲ್ಲ? ಸುಳಿದುದನ್ನು ಯಾರು ಬಾಯಿಬಿಟ್ಟು ಹೇಳುತ್ತಾರೆ?

'ಚಿಕ್ಕಮ್ಮ' ಎಂಬ ಮಾತು

2022ರ 'ಅವರ್ ಬ್ಲೂಸ್' ನಮ್ಮವರಿಗೆ ಇನ್ನೂ ಹತ್ತಿರದ್ದು. ಗಂಡ ಸತ್ತ ಮೇಲೆ ಮಗನನ್ನು ಕಟ್ಟಿಕೊಂಡು ಬೇರೊಬ್ಬನ ಮನೆ ಸೇರಿದ ತಾಯಿ, ಆ ಮನೆಯ ಯಜಮಾನಿಯನ್ನೇ 'ಅಮ್ಮ' ಎನ್ನು, ನನ್ನನ್ನು 'ಚಿಕ್ಕಮ್ಮ' ಎನ್ನು ಎಂದು ಮಗನಿಗೆ ಹೇಳುತ್ತಾಳೆ. ಕೊರಿಯನ್ ಪದದ ಅರ್ಥವೂ ಅಕ್ಷರಶಃ ಚಿಕ್ಕ ತಾಯಿ ಎಂದೇ. ಇಂಗ್ಲಿಷ್ ಅಡಿಬರಹ ಓದುವವರಿಗೆ ಈ ಮಾತಿನ ಇರಿತ ಅರ್ಧವೇ ತಲುಪೀತು; ಕನ್ನಡಿಗರಿಗೆ ವಿವರಣೆ ಬೇಕಿಲ್ಲ. ಹೆತ್ತವಳನ್ನು ಚಿಕ್ಕಮ್ಮ ಎಂದು ಕರೆಯಬೇಕಾದ ಹುಡುಗನ ಹೊಟ್ಟೆಯೊಳಗಿನ ಬೆಂಕಿ ನಮಗೆ ಗೊತ್ತು.

ಮಗ ನಡುವಯಸ್ಸಿಗೆ ಬಂದಾಗ ತಾಯಿಗೆ ಕೊನೆಯ ಹಂತದ ಕ್ಯಾನ್ಸರ್. ಅವಳನ್ನು ಕರೆದುಕೊಂಡು ಹೊರಟ ಮಗ, ತನ್ನಲ್ಲಿ ತಪ್ಪಾಯಿತು ಅನ್ನಿಸಿದೆಯೇ ಎಂದು ಕೇಳುತ್ತಾನೆ. ಅವನು ಬಯಸಿದ ಮಾತು ಅವಳ ಬಾಯಿಂದ ಬರುವುದಿಲ್ಲ. ತಾನು ಹುಟ್ಟಿದ ಹಳ್ಳಿ ತೋರಿಸು ಎನ್ನುತ್ತಾಳೆ. ಹೋಗಿ ನೋಡಿದರೆ ಅಲ್ಲಿ ಕೆರೆಯಂಥ ಜಲಾಶಯ, ಊರು ನೀರಿನಡಿ ಹೋಗಿದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮನೆ ಗದ್ದೆ ಕಳೆದುಕೊಂಡ ಶರಾವತಿ ಕಣಿವೆಯ ಅಜ್ಜಿಯಂದಿರು ಹೀಗೇ ನೀರಿನ ಕಡೆ ಕೈ ತೋರಿಸಿ 'ಅಲ್ಲಿತ್ತು ನಮ್ಮನೆ' ಎನ್ನುತ್ತಿದ್ದರು. ಕೊನೆಗೆ ತಾಯಿ ಮಗನಿಗೆ ಇಷ್ಟವಾದ ಸೋಯಾ ಹುದುಗಿನ ಸಾರು ಮಾಡಿಟ್ಟು ಮಲಗಿದಲ್ಲೇ ಹೋಗುತ್ತಾಳೆ. ಆ ಒಂದು ಬಟ್ಟಲು ಸಾರೇ ಅವಳು ಹೇಳದೆ ಉಳಿಸಿದ ಮಾತು.

2025ರ 'ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್' ಮಗಳ ಕೊರಗನ್ನು ಹೇಳುತ್ತದೆ. ಮಗಳ ವಿದೇಶದ ಓದಿಗಾಗಿ ಮನೆ ಮಾರಿದ ಮೀನುಗಾರ ಅಪ್ಪ ರಕ್ತದ ಕ್ಯಾನ್ಸರಿನಿಂದ ಸೊರಗಿ ಸಾಯುತ್ತಾನೆ. ಧಾರಾವಾಹಿಯ ಮೂಲ ಹೆಸರು ಜೇಜು ದ್ವೀಪದ ಆಡುಮಾತು. 'ಬಹಳ ಕಷ್ಟಪಟ್ಟಿರಿ' ಎಂದು ಅದರ ಭಾವ. ಅಡಿಕೆ ತೋಟ ಒತ್ತೆಯಿಟ್ಟು, ಸೊಸೈಟಿ ಸಾಲ ಮಾಡಿ ಮಕ್ಕಳನ್ನು ಓದಿಸಿದ ಮನೆಯ ಹುಡುಗಿ ಇದನ್ನು ನೋಡಿ ಅಳದಿದ್ದರೆ ಆಶ್ಚರ್ಯ. ಅವಳು ಅಳುವುದು ಕೊರಿಯಾದ ಅಪ್ಪನಿಗಾಗಿ ಮಾತ್ರ ಅಲ್ಲ. ತನ್ನ ಅಪ್ಪನ ಮೇಲೆ ರೇಗಿದ್ದನ್ನು ನೆನೆದು ಅಳುತ್ತಾಳೆ. ಹಾಗಾದರೆ ಕಷಾಯ ಏಕೆ ಮಾಡಿಕೊಡಲಿಲ್ಲ? ಪರದೆಯ ಮೇಲಿನ ಸಾವು ಹತ್ತಿರದಲ್ಲಿದೆ. ಅಮ್ಮನ ಜ್ವರ ನಾಳೆ ಇಳಿಯುತ್ತದೆಂಬ ನಂಬಿಕೆ. ನಾಳೆಯಿದೆ ಎಂಬ ಈ ನಂಬಿಕೆಯೇ ಎಲ್ಲ ಮನೆಗಳ ಕೊರಗಿಗೂ ಬೀಜ.

ನಮ್ಮ ರಸ್ತೆಯಲ್ಲಿ ಹೋದ ಕಾರುಗಳು

ಈ ಕೊರಗನ್ನು ಕಾಣಲು ಕುಂಸಿಯವರು ಕೊರಿಯಾಕ್ಕೆ ಹೋಗಬೇಕಿರಲಿಲ್ಲ. ಸಾಗರ ರಸ್ತೆಯಲ್ಲಿ ಅವರ ಊರನ್ನು ದಾಟಿಯೇ ಆನಂದಪುರದ ಬಳಿಯ ನರಸೀಪುರಕ್ಕೆ ಹೋಗಬೇಕು. ಅಲ್ಲಿ ಕ್ಯಾನ್ಸರಿಗೆ ನಾಟಿ ಔಷಧಿ ಕೊಡುತ್ತಿದ್ದ ವೈದ್ಯ ನಾರಾಯಣಮೂರ್ತಿಯವರು 2020ರಲ್ಲಿ ತೀರಿಕೊಳ್ಳುವವರೆಗೆ ಗುರುವಾರ ಮತ್ತು ಭಾನುವಾರ ದೂರದ ರಾಜ್ಯಗಳ ಕಾರುಗಳೂ ಈ ರಸ್ತೆಯಲ್ಲಿ ಸಾಲುಗಟ್ಟುತ್ತಿದ್ದವು. ಜನ ರಾತ್ರಿಯೇ ಬಂದು ಸರದಿ ಹಿಡಿಯುತ್ತಿದ್ದರು. ಅವರಲ್ಲಿ ಎಷ್ಟೋ ಮಂದಿ ರೋಗಿಗಳಲ್ಲ. ಆಸ್ಪತ್ರೆಯ ರಿಪೋರ್ಟು ಹಿಡಿದು ಬಂದ ಮಗ, ಮಗಳು, ಅಣ್ಣ, ತಮ್ಮ.

ಔಷಧಿಯ ಗುಣವನ್ನು ಅಳೆಯುವುದು ಈ ಅಂಕಣದ ಕೆಲಸವಲ್ಲ. ಡಾಕ್ಟರರು ಹೇಳಿದ ಚಿಕಿತ್ಸೆಯನ್ನು ಬಿಟ್ಟು ಯಾವ ಸರದಿಯಲ್ಲೂ ನಿಲ್ಲಬಾರದು ಎಂಬುದಂತೂ ಸ್ಪಷ್ಟ. ಆದರೆ ಚಳಿಯಲ್ಲಿ ರಾತ್ರಿಯಿಡೀ ನಿಂತ ಆ ಮಗನನ್ನು ಅರ್ಥ ಮಾಡಿಕೊಳ್ಳಬಹುದು. ಅವನಿಗೆ ಅಪ್ಪ ಉಳಿಯುವ ಆಸೆ ಇತ್ತು. ಜೊತೆಗೆ, ನಾನು ಮಾಡಬೇಕಾದ್ದನ್ನೆಲ್ಲ ಮಾಡಿದೆ ಎಂದು ಮುಂದೆ ತನಗೆ ತಾನೇ ಹೇಳಿಕೊಳ್ಳುವ ಅಗತ್ಯವೂ ಇತ್ತು.

ಮನಸ್ಸಿನ ಲೆಕ್ಕ ವಿಚಿತ್ರ. 'ನಾನೇ ಕಾರಣ' ಎಂದುಕೊಳ್ಳುವುದು ನೋವಿನ ಮಾತಾದರೂ, ಏನಾದರೂ ನನ್ನ ಕೈಯಲ್ಲಿತ್ತು ಎಂಬ ಸಮಾಧಾನ ಅದರಲ್ಲಿ ಅಡಗಿದೆ. 'ನನ್ನ ಕೈಯಲ್ಲಿ ಏನೂ ಇರಲಿಲ್ಲ' ಎಂಬುದು ಅದಕ್ಕಿಂತ ಕಷ್ಟದ ಮಾತು. ಆದ್ದರಿಂದಲೇ ನಿರಪರಾಧಿಗಳೇ ಹೆಚ್ಚು ಕೊರಗುತ್ತಾರೆ. ವಿದ್ಯಾರ್ಥಿಗಳು ಇದನ್ನು ಗಟ್ಟಿಯಾಗಿ ತಿಳಿದಿರಬೇಕು: ನೀವು ಎದುರಾಡಿದ್ದರಿಂದ, ಪರೀಕ್ಷೆಯಲ್ಲಿ ಫೇಲಾದದ್ದರಿಂದ ಅಮ್ಮನಿಗೆ ಕ್ಯಾನ್ಸರ್ ಬರುವುದಿಲ್ಲ. ಮಾತಿನಿಂದ ಮನಸ್ಸು ನೋಯುತ್ತದೆ, ಅದಕ್ಕೆ ಕ್ಷಮೆ ಕೇಳಬಹುದು. ಗಡ್ಡೆಗೆ ಕಾರಣ ಬೇರೆ.

ಪರೀಕ್ಷೆ ಮುಗಿಯಲಿ ಎಂಬ ಗುಟ್ಟು

ಕೊರಿಯಾದ ಕಥೆಗಳಲ್ಲಿ ಕಾಯಿಲೆಯ ಗುಟ್ಟು ಹತ್ತಾರು ಕಂತು ಸಾಗುತ್ತದೆ. ನಮ್ಮ ಮನೆಗಳಲ್ಲೂ ಹಾಗೆಯೇ. ರೋಗಿಗೆ ಹೇಳುವುದು ಬೇಡ ಎಂದು ಮಕ್ಕಳು, ಮಕ್ಕಳಿಗೆ ಹೇಳುವುದು ಬೇಡ ಎಂದು ರೋಗಿ. 'ಪಿಯುಸಿ ಪರೀಕ್ಷೆ ಮುಗಿಯಲಿ, ಸಿಇಟಿ ಮುಗಿಯಲಿ' ಎಂದು ಬೆಂಗಳೂರಿನ ಕಿದ್ವಾಯಿಗೆ ಹೋಗುವುದನ್ನು ನೆಂಟರ ಮದುವೆ ಎಂದು ಹೇಳುವ ತಂದೆತಾಯಿ ಇದ್ದಾರೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಮಕ್ಕಳ ಮೂಗು ಚುರುಕು. ಪಿಸುಮಾತು, ಬಚ್ಚಿಟ್ಟ ಫೈಲು, ಅಜ್ಜಿಯ ಕೆಂಪುಗಣ್ಣು ಇಷ್ಟರಲ್ಲೇ ಅವರಿಗೆ ಅರ್ಧ ತಿಳಿಯುತ್ತದೆ. ಉಳಿದರ್ಧವನ್ನು ಭಯ ತುಂಬುತ್ತದೆ. ಮುಂದೆ ಎಲ್ಲ ತಿಳಿದಾಗ 'ಅಮ್ಮ ನರಳುತ್ತಿದ್ದಳು, ನಾನು ಸಿನಿಮಾಗೆ ದುಡ್ಡು ಕೇಳುತ್ತಿದ್ದೆ' ಎಂಬ ನೆನಪು ಜೀವಮಾನವಿಡೀ ಕುಟುಕುತ್ತದೆ. ಅಂಕ ಉಳಿಸಲು ಹೋಗಿ ಕೊರಗು ಕೂಡಿಟ್ಟಂತಾಗುತ್ತದೆ.

ಎಲ್ಲವನ್ನೂ ಒಂದೇ ದಿನ ಹೇಳಬೇಕಿಲ್ಲ. ಕಾಯಿಲೆಯ ಹೆಸರು, ಚಿಕಿತ್ಸೆ ಎಲ್ಲಿ, ಮನೆ ಯಾರು ನೋಡಿಕೊಳ್ಳುತ್ತಾರೆ, ಇಷ್ಟನ್ನು ವಯಸ್ಸಿಗೆ ತಕ್ಕಂತೆ ಹೇಳಿ, ಒಂದು ಸಣ್ಣ ಕೆಲಸವನ್ನೂ ವಹಿಸಬೇಕು. ಮಾತ್ರೆಯ ಹೊತ್ತು ನೆನಪಿಸುವುದು, ತಮ್ಮನನ್ನು ಶಾಲೆಗೆ ಬಿಡುವುದು, ಯಾವುದಾದರೂ ಸರಿ. ಕೈಗೆ ಕೆಲಸವಿದ್ದವರು ಕಡಿಮೆ ಕೊರಗುತ್ತಾರೆ. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಮರೆವಿನ ಕಾಯಿಲೆಯ ತಂದೆ ಕಳೆದುಹೋದ ಮೇಲೆ ಮಗ ಅವರನ್ನು ಹುಡುಕುತ್ತ ಅವರು ಯಾರೆಂಬುದನ್ನೇ ಮೊದಲ ಬಾರಿಗೆ ತಿಳಿಯುತ್ತ ಹೋಗುತ್ತಾನೆ. ಅಷ್ಟು ತಡವಾಗಬೇಕೆಂದೇನೂ ಇಲ್ಲ.

ಧಾರಾವಾಹಿ ಹೇಳದ ಸಂಗತಿ

ಧಾರಾವಾಹಿಯ ರೋಗಿ ಒಂದು ದಿನ ಮೂಗಿನಲ್ಲಿ ರಕ್ತ ಸುರಿಸಿ ಕುಸಿಯುತ್ತಾನೆ. ನಿಜ ಜೀವನದಲ್ಲಿ ಕಾಯಿಲೆ ಬಹಳ ಸಲ ಮೊದಲೇ ಸುಳಿವು ಕೊಡುತ್ತದೆ. ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಎದೆಯ ಗಂಟು, ಮುಟ್ಟು ನಿಂತ ಮೇಲೂ ಕಾಣುವ ರಕ್ತಸ್ರಾವ ಇವನ್ನು 'ಕೆಲಸ ಮುಗಿಯಲಿ' ಎಂದು ಮುಂದೂಡಬಾರದು. ಹೊಗೆಸೊಪ್ಪು ಇಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ಸೀಮೆಯ ನಮಗೆ ಇದು ಅಪ್ರಿಯ ಮಾತಾದರೂ ಕೇಳಬೇಕಾದ ಮಾತು. 30 ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಸರ್ಕಾರಿ ಆರೋಗ್ಯ ಕಾರ್ಯಕ್ರಮದಲ್ಲೇ ಸೇರಿದೆ.

ಗುಣವಾಗದ ಹಂತ ತಲುಪಿದ ಮೇಲೂ ಮಾಡುವುದು ಬಹಳವಿದೆ. ನೋವು ತಗ್ಗಿಸುವ ಉಪಶಮನ ಚಿಕಿತ್ಸೆ ಕೈಚೆಲ್ಲುವುದಲ್ಲ. ಬೆಂಗಳೂರಿನ ಕರುಣಾಶ್ರಯ 1999ರಿಂದ ಇಂಥ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಚೇತರಿಕೆಯ ಆಸೆಯೇ ಇಲ್ಲದಾಗ ಯಂತ್ರಗಳ ಮೇಲೆ ಜೀವ ಹಿಡಿಯಬೇಕೇ ಎಂಬುದನ್ನು ರೋಗಿ ಮೊದಲೇ ಬರೆದಿಡಲು ಕೊರಿಯಾದಲ್ಲಿ 2018ರಿಂದ ಕಾನೂನಿದೆ. ಸುಪ್ರೀಂ ಕೋರ್ಟಿನ ತೀರ್ಪನ್ನು ಅನುಸರಿಸಿ ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದಕ್ಕೆ ಆದೇಶ ಹೊರಡಿಸಿತು. ಹಿರಿಯರು ತಮ್ಮ ಇಷ್ಟವನ್ನು ಬರೆದಿಟ್ಟರೆ, ಐಸಿಯು ಬಾಗಿಲಲ್ಲಿ ನಿಂತ ಮಕ್ಕಳ ಹೆಗಲ ಮೇಲಿನ ಭಾರ ಅಷ್ಟು ಇಳಿಯುತ್ತದೆ.

ಕೊರಗು ಹೆಚ್ಚಾಗಿ ಓದು, ನಿದ್ರೆ ಕೆಟ್ಟವರು 14416ಕ್ಕೆ ಫೋನ್ ಮಾಡಬಹುದು. ಇದು ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ. ಇನ್ನು, ಮಕ್ಕಳು ಅಳುವ ಆ ಧಾರಾವಾಹಿಯನ್ನು ತಂದೆತಾಯಂದಿರು ಒಂದು ಭಾನುವಾರ ಜೊತೆಯಲ್ಲಿ ಕುಳಿತು ನೋಡಲಿ. ಅಡಿಬರಹ ಅರ್ಥವಾಗದಿದ್ದರೆ ಮಗಳೇ ಕನ್ನಡದಲ್ಲಿ ಹೇಳಿಯಾಳು. ಕಂತು ಮುಗಿದ ಮೇಲೆ ಅವಳು, 'ಅಮ್ಮ, ನೀನು ಬಿಪಿ ತೋರಿಸಿ ಎಷ್ಟು ದಿನ ಆಯ್ತು?' ಎಂದು ಕೇಳಿದರೆ ಹಾರಿಕೆಯ ಉತ್ತರ ಕೊಡದೆ ಲೆಕ್ಕ ಹಾಕಿ ಹೇಳಿ.