ಗಿಳಿಗಳ ತಾಯಿಮನೆ

ಸಂಬಂಧ ಕುದುರಿಸುವಾಗ ನಮ್ಮ ಮನೆಗಳಲ್ಲಿ ಮೊದಲು ವಿಚಾರಿಸುವುದು ತಂದೆಯ ಮನೆತನವನ್ನು. ತಾಯಿಯ ಕಡೆಯವರು ಯಾರೆಂಬ ಪ್ರಶ್ನೆ ಆಮೇಲೆ ಬರುತ್ತದೆ. ಆದರೆ ಗಿಳಿಗಳ ವಂಶ ಹುಡುಕುವ ವಿಜ್ಞಾನಿಗಳು ಬಹಳ ಸಲ ತಾಯಿಯ ಕಡೆಯಿಂದಲೇ ಹೊರಡುತ್ತಾರೆ.

ಅದಕ್ಕೆ ಕಾರಣವಿದೆ ಸಹೋದರಿಯರೇ. ನಾವು ಉಣ್ಣುವ ಅನ್ನದಿಂದ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಎಂಬ ಸಣ್ಣ ಸಣ್ಣ ಅಂಗಗಳು ಜೀವಕೋಶದೊಳಗಿವೆ. ಅವಕ್ಕೆ ತಮ್ಮದೇ ಆದ ಡಿ.ಎನ್.ಎ. ಇದೆ. ಹಕ್ಕಿಗಳಲ್ಲಿ ಅದರ ಉದ್ದ ಸುಮಾರು 17 ಸಾವಿರ ಅಕ್ಷರ, ಅದರಲ್ಲಿ 37 ಜೀನುಗಳು. ಇದು ಮಕ್ಕಳಿಗೆ ಬರುವುದು ತಾಯಿಯಿಂದ. ಗಂಡುಮರಿಗೂ ಸಿಗುತ್ತದೆ, ಆದರೆ ಅದು ಮುಂದಕ್ಕೆ ದಾಟಿಸುವುದಿಲ್ಲ. ತಲೆಮಾರು ಕಳೆದಂತೆ ಅಕ್ಷರಗಳಲ್ಲಿ ಅಷ್ಟಿಷ್ಟು ವ್ಯತ್ಯಾಸವಾಗುತ್ತದೆ. ಎರಡು ಗಿಳಿಗಳಲ್ಲಿ ಆ ವ್ಯತ್ಯಾಸ ಕಡಿಮೆಯಿದ್ದರೆ ಅವು ಹತ್ತಿರದ ನೆಂಟರು. ಒಂದೊಂದು ಕೋಶದಲ್ಲೂ ಇದರ ಪ್ರತಿಗಳು ಬಹಳ ಇರುವುದರಿಂದ ಇನ್ನೂರು ವರ್ಷ ಹಳೆಯ ಒಣಚರ್ಮದಲ್ಲೂ ಸ್ವಲ್ಪ ಉಳಿದಿರುತ್ತದೆ.

ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಮಸ್ಕರೀನ್ ಎಂಬ ಗಿಳಿಯಿತ್ತು. ಕಂದು ಮೈ, ಕೆಂಪು ಕೊಕ್ಕು, ಮುಖಕ್ಕೆ ಕಪ್ಪು ಬಳಿದಂತೆ. 18ನೇ ಶತಮಾನ ಮುಗಿಯುವ ಹೊತ್ತಿಗೆ ಕಾಡಿನಲ್ಲಿ ಅದು ಇಲ್ಲವಾಯಿತು. ಉಳಿದದ್ದು ಪ್ಯಾರಿಸ್‌ ಮತ್ತು ವಿಯೆನ್ನಾದ ಸಂಗ್ರಹಾಲಯಗಳಲ್ಲಿ ಒಂದೊಂದು ಹಕ್ಕಿಯ ಚರ್ಮ ಮಾತ್ರ. ಮೊದಲು ಡಿ.ಎನ್.ಎ. ತೆಗೆದು ನೋಡಿದವರು ಇದು ಮಡಗಾಸ್ಕರ್ ಕಡೆಯ ಕಪ್ಪು ಗಿಳಿಗಳ ನೆಂಟ ಎಂದರು. ಮೂಳೆಗಳನ್ನು ಪರೀಕ್ಷಿಸಿದ ತಜ್ಞರು ಮಾತ್ರ ಒಪ್ಪಲಿಲ್ಲ. 2017ರಲ್ಲಿ ವಿಯೆನ್ನಾದ ಚರ್ಮದಿಂದ ಹೊಸದಾಗಿ ಮಾದರಿ ತೆಗೆದರು. ಇದು ನಮ್ಮ ಹಸಿರು ಗಿಳಿಗಳ ಬಳಗದ್ದೇ ಎಂದು ಆಗ ಕಂಡುಬಂತು. ಹಿಂದಿನ ಪರೀಕ್ಷೆಯಲ್ಲಿ ಬೇರೆ ಹಕ್ಕಿಯ ಡಿ.ಎನ್.ಎ. ಬೆರೆತಿರಬೇಕು. ಯಂತ್ರ ಹೇಳಿತೆಂದ ಮಾತ್ರಕ್ಕೆ ಮೂಳೆ ಓದಿದವರು ಬಾಯಿ ಮುಚ್ಚಿಕೊಳ್ಳಲಿಲ್ಲ. ಈ ಕಥೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದೇ. ಅಷ್ಟಕ್ಕೂ ಮೈಟೊಕಾಂಡ್ರಿಯಾ ಹೇಳುವುದು ತಾಯಿಯ ಕಡೆಯ ಕಥೆಯನ್ನಷ್ಟೇ. ತಂದೆಯ ಕಡೆಯದು ತಿಳಿಯಬೇಕಾದರೆ ಕೋಶಕೇಂದ್ರದ ಡಿ.ಎನ್.ಎ.ಯನ್ನೂ ಓದಬೇಕು.

ಸತ್ತ ಹಕ್ಕಿಯ ನೆಂಟರು ಯಾರಾದರೇನು ಎಂದು ಕೇಳಬಹುದು. ರಿಯೂನಿಯನ್‌ನ ನೆರೆಯ ಮಾರಿಷಸ್‌ನಲ್ಲಿ ಎಕೋ ಎಂಬ ಹಸಿರು ಗಿಳಿಯಿದೆ. ಆ ದ್ವೀಪಗಳಿಗೇ ಸೇರಿದ ಗಿಳಿಗಳಲ್ಲಿ ಇಂದು ಬದುಕಿರುವುದು ಇದೊಂದೇ. 1980ರ ದಶಕದಲ್ಲಿ ಹತ್ತರಷ್ಟೇ ಉಳಿದಿದ್ದವು. ಗೂಡು ಕಾದು, ಮರಿಗಳನ್ನು ಕೈಯಾರೆ ಸಾಕಿ, ಈಗ ಸಂಖ್ಯೆ ನೂರಾರಕ್ಕೆ ಏರಿದೆ. ಡಿ.ಎನ್.ಎ. ಪ್ರಕಾರ ಇದಕ್ಕೆ ಹತ್ತಿರದ ನೆಂಟ ಯಾರು ಗೊತ್ತೇ? ನಮ್ಮ ತೋಟಗಳಲ್ಲಿ ಪೇರಳೆ ತಿನ್ನಲು ಬರುವ, ಗಂಡಿನ ಕೊರಳಲ್ಲಿ ಉಂಗುರವಿರುವ ಗಿಳಿ. ಮನುಷ್ಯರು ಆ ಗಿಳಿಯನ್ನೂ ಮಾರಿಷಸ್‌ಗೆ ಒಯ್ದು ಬಿಟ್ಟಿದ್ದಾರೆ. ಅಲ್ಲಿ ಗೂಡಿಗೆ ಬೇಕಾದ ಮರದ ಪೊಟರೆಗಳಿಗಾಗಿ ಈಗ ಎಕೋ ಗಿಳಿಯ ಜೊತೆ ಸ್ಪರ್ಧೆಗಿಳಿದಿರುವುದು ಅದರ ಈ ನೆಂಟನೇ.