ಜ್ವರ ಕಾಣಿಸದ ನ್ಯುಮೋನಿಯಾ

ಮಾನ್ಯ ಸಂಪಾದಕರೆ,

ಚಳಿಗಾಲವು ಸಮೀಪಿಸುತ್ತಿರುವ ಈ ಸಮಯದಲ್ಲಿ, ಪುಷ್ಟಿಹೀನರಾದ ಎಳೆಯ ಮಕ್ಕಳನ್ನು ಬಲಿಗೊಳ್ಳುವ ನ್ಯುಮೋನಿಯಾವನ್ನು ಕುರಿತು, ತಮ್ಮ ಪತ್ರಿಕೆಯ ಮೂಲಕ ತಾಯಂದಿರಿಗೂ ಅಂಗನವಾಡಿ ಕಾರ್ಯಕರ್ತೆಯರಿಗೂ ಕೆಲವು ಮಾತುಗಳನ್ನು ನಿವೇದಿಸಬಯಸುತ್ತೇನೆ.

ಆಹಾರದ ಅಭಾವದಿಂದ ರೋಗನಿರೋಧಕ ಶಕ್ತಿಯು ಕುಂದಿ, ಎದೆಯ ಸ್ನಾಯುಗಳೂ ಸೊರಗಿರುವ ಶಿಶುವಿನ ಶ್ವಾಸಕೋಶವನ್ನು ನ್ಯುಮೋಕಾಕಸ್ ಮೊದಲಾದ ಬ್ಯಾಕ್ಟೀರಿಯಗಳು ಹೊಕ್ಕಾಗ, ಪ್ರತಿಭಟಿಸುವ ಸಾಮರ್ಥ್ಯವನ್ನೇ ದೇಹವು ಕಳೆದುಕೊಂಡಿರುವುದರಿಂದ, ಮೈ ಕಾಯದೆಯೂ ಕೆಮ್ಮು ಬಿರುಸಾಗದೆಯೂ ಇರಬಹುದು. ಜ್ವರವಿಲ್ಲವೆಂಬ ಸಮಾಧಾನದಲ್ಲಿ ಮನೆಯವರು ಕಳೆಯುವ ಒಂದೆರಡು ದಿನಗಳೇ ಪ್ರಾಣಾಂತಿಕವಾಗಬಲ್ಲುವು. ಮಗು ಶಾಂತವಾಗಿರುವಾಗ ಪೂರ್ಣ ಒಂದು ನಿಮಿಷ ಉಸಿರನ್ನೆಣಿಸಿ, 2 ತಿಂಗಳು ತುಂಬಿದ, ಇನ್ನೂ ವರ್ಷ ತುಂಬದ ಶಿಶುವಿನಲ್ಲಿ 50, ಅನಂತರ 5 ವರ್ಷದವರೆಗೆ 40, ಅಥವಾ ಅದಕ್ಕೂ ಮಿಗಿಲಾದರೆ ವೈದ್ಯರಲ್ಲಿಗೆ ಒಯ್ಯುವುದು ಅವಶ್ಯಕ. ಆದರೆ ತೀರ ಕೃಶವಾದ ಮಗುವಿನಲ್ಲಿ ಈ ವೇಗವೂ ಏರದಿರುವುದುಂಟು. ಆದುದರಿಂದ 6 ತಿಂಗಳು ದಾಟಿದ ಮೇಲೂ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿರುವ ಮಗು ಮಂಕಾದರೆ, ಹಾಲು ಬಿಟ್ಟರೆ, ಉಸಿರೆಳೆಯುವಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ, ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

2021ರಿಂದ ದೇಶದಾದ್ಯಂತ ಸರ್ಕಾರವು ಉಚಿತವಾಗಿ ವಿಸ್ತರಿಸಿರುವ ನ್ಯುಮೋಕಾಕಲ್ ಲಸಿಕೆಯನ್ನು 6 ವಾರ, 14 ವಾರ ಮತ್ತು 9 ತಿಂಗಳುಗಳಲ್ಲಿ ತಪ್ಪದೆ ಹಾಕಿಸತಕ್ಕದ್ದು. ಅಂಗನವಾಡಿಗಳಲ್ಲಿ ತೂಕ ನೋಡುವ ದಿನವೇ ಲಸಿಕೆಯ ಕಾರ್ಡನ್ನೂ ಪರಿಶೀಲಿಸಲಿ. ಔಷಧದಿಂದ ಸೋಂಕು ಅಡಗಿದೊಡನೆ ಮಗುವನ್ನು ಹಿಂದಿನ ಹಸಿವಿಗೇ ಮರಳಿ ಒಪ್ಪಿಸದೆ, ಪೌಷ್ಟಿಕ ಪುನರ್ವಸತಿ ಕೇಂದ್ರಕ್ಕೆ ಸೇರಿಸುವ ಹೊಣೆಯನ್ನು ಆರೋಗ್ಯ ಇಲಾಖೆಯು ವಹಿಸಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ರಾಯಚೂರು